ಇಳಿತದ ಹೊತ್ತು

ಬೆಳಗಾಗುವ ಮೊದಲೇ ನೀರು ಹಿಂದೆ ಸರಿದಿತ್ತು.
ಅಘನಾಶಿನಿ ತನ್ನ ಕಪ್ಪು ಹೊಟ್ಟೆ ತೋರಿಸಿಕೊಂಡು
ಕಾಂಡ್ಲಾ ಬೇರಿನವರೆಗೂ ಬಿದ್ದಿದ್ದಳು.
ದಂಡೆಯಲ್ಲಿ ಚಪ್ಪಲಿಗಳ ಸಾಲು,
ಸಾಲಿನ ಕೊನೆಗೆ ಶೇವಂತಿಯ ಕಬ್ಬಿಣದ ಕಾಲು,
ಬೆಲ್ಟು ಬಿಚ್ಚಿಕೊಂಡು, ಮಗ್ಗುಲಾಗಿ.

ಕುಮಟೆಯ ಶಿಬಿರದಲ್ಲಿ ಕೊಟ್ಟದ್ದು ಅದು.
ಹಾರ ಹಾಕಿಸಿಕೊಂಡವರು ಫೋಟೋಕ್ಕೆ
"ನಗು ಮಗೂ" ಅಂದಾಗ
ಹಲ್ಲು ಕಚ್ಚಿ ನಿಂತಿದ್ದಳು,
ಬೂಟು ಒಂದು ನಂಬರು ಚಿಕ್ಕದು.
ನಮ್ಮ ಉಪ್ಪುಗಾಳಿಗೆ ಯಾವ ಕಬ್ಬಿಣ ಉಳಿದೀತು?
ಮೊದಲ ಮಳೆಗಾಲಕ್ಕೇ ಮೊಣಕಾಲಿನ ಕೀಲು
ಬಾವಿಯ ರಾಟೆಯ ಹಾಗೆ ಕಿರುಗುಟ್ಟಿತು.
ರಾತ್ರಿ ಅವ್ವಿ ಅದಕ್ಕೆರಡು ಹನಿ ತೆಂಗಿನೆಣ್ಣೆ ಬಿಟ್ಟು
ಕೈಯಲ್ಲುಳಿದದ್ದನ್ನು ಅವಳ ಜಡೆಗೆ ಒರೆಸುತ್ತಿದ್ದಳು.

ಕಣ್ಣಾಮುಚ್ಚಾಲೆಯಲ್ಲಿ ಎಲ್ಲಿ ಅಡಗಿದರೂ
ಆ ಸದ್ದೇ ಅವಳನ್ನು ಹಿಡಿದು ಕೊಡುತ್ತಿತ್ತು.
ಆಮೇಲೆ ಅಡಗುವುದು ಬಿಟ್ಟಳು, ಹುಡುಕುವವಳಾದಳು.
ಬೇಕೆಂದೇ ಎಡಕ್ಕೆ ಕಿರುಗುಟ್ಟುತ್ತ ಹೋಗಿ,
ಕಾಲು ಬಿಚ್ಚಿಟ್ಟು, ಬಲದಿಂದ ತೆವಳಿ ಬಂದು
ಕುತ್ತಿಗೆಯನ್ನೇ ಹಿಡಿಯುತ್ತಿದ್ದಳು.
ಮೋಸ ಅಂದರೆ
"ಮೋಸ ಅಂತ ಯಾರು ಬರೆದಿಟ್ಟಿದ್ದಾರೆ, ತೋರ್ಸು."

ನಾನು ಅವಳ ಅಣ್ಣ. ಒಳ್ಳೆಯವನೇನಲ್ಲ.
ಎರಡು ಪಾಟಿಚೀಲ ಹೊತ್ತು
ಹತ್ತು ಮಾರು ಮುಂದೆಯೇ ನಡೆದವನು.
ಹಿಂದೆ ಕಿರ್ರ್, ಕಿರ್ರ್.
ಎದುರು ಯಾರಾದರೂ ಸಿಕ್ಕರೆ
ಆ ಸದ್ದು ನನ್ನ ಮನೆಯದಲ್ಲ.
ಅವಳಿಗೆ ಗೊತ್ತಿತ್ತು.
ನಿಲ್ಲು ಎಂದು ಒಂದು ದಿನವೂ ಕೂಗಲಿಲ್ಲ.
ನನ್ನ ಮಗ್ಗಿಯ ತಪ್ಪನ್ನೆಲ್ಲ
ಅಪ್ಪನಿಗೆ ಹೇಳಿಕೊಟ್ಟಳು, ಅಷ್ಟೇ.

ಆ ದಿನ ಬಳಚು ಆರಿಸಲು ಇಳಿದೆವು ಎಲ್ಲರೂ.
ಅವಳನ್ನು ದಂಡೆಯಲ್ಲಿ ಕೂರಿಸಿ
"ಬುಟ್ಟಿ ಕಾಯ್ತಾ ಇರು" ಅಂದಳು ಅವ್ವಿ.
ಬುಟ್ಟಿಗಳೆಲ್ಲ ನಮ್ಮ ಸೊಂಟದಲ್ಲಿದ್ದವು.

ಇಳಿದವರನ್ನೆಲ್ಲ ಕೆಸರು ಮೊಣಕಾಲಿಗೆ ಹಿಡಿಯಿತು.
ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಒಳಗೆ.
ತಾರಿದೋಣಿಯ ಅಪ್ಪ ಗೂಟದಂತೆ ನಿಂತು
ಹೊಳೆಯ ತಾಯಿಯನ್ನೂ ಬಿಡದೆ ಬೈಯುತ್ತಿದ್ದ.
ಆಗ ಪಕ್ಕದಿಂದ ಏನೋ ಸರಕ್ಕನೆ ಜಾರಿಹೋಯಿತು.
ಮುರಿದ ಪಾತಿದೋಣಿಯ ಹಲಗೆ,
ಮೇಲೆ ಬೋರಲು ಶೇವಂತಿ,
ಎರಡು ಕೈಯೇ ಎರಡು ಹುಟ್ಟು.
ಹಿಡಿದು ಎಳೆಯಲು ಕೆಸರಿಗೆ
ಅವಳಲ್ಲಿ ಏನೂ ಸಿಗಲಿಲ್ಲ.

ನಾವು ಯಾರೂ ಮುಟ್ಟದ ದಿಬ್ಬದವರೆಗೆ ಹೋದಳು.
ಮೊಣಕೈವರೆಗೂ ತೋಳಿಳಿಸಿ ತಡಕಿದಳು.
ಚಿಪ್ಪು ಅಂಗೈ ಸೀಳಿತು, ನೆಕ್ಕಿಕೊಂಡಳು.
ಕಡಲ ಕಡೆಯಿಂದ ಭರತ ಬಿಳಿಗೆರೆಯಾಗಿ ಕಂಡಾಗ
ಅವ್ವಿ ಹೆಸರು ಹಿಡಿದು ಕಿರುಚಿದಳು,
ಅವಳು ತಿರುಗಿಯೂ ನೋಡಲಿಲ್ಲ.
ಲಂಗವನ್ನೇ ಗಂಟು ಕಟ್ಟಿ ತುಂಬಿಕೊಂಡು
ನೀರಿಗಿಂತ ಒಂದು ಗೇಣು ಮುಂದೆ ದಂಡೆ ಮುಟ್ಟಿದಳು.

ಅವ್ವಿ ಮೊದಲು ಬೆನ್ನಿಗೊಂದು ಬಾರಿಸಿದಳು,
ಆಮೇಲೆ ಗಂಟು ಬಿಚ್ಚಿ ನೋಡಿದಳು,
ಆಮೇಲೆ ಅಳುವುದಕ್ಕೆ ಆಚೆ ಹೋದಳು.
"ಪಾಪ, ಎಷ್ಟ್ ಧೈರ್ಯ ಈ ಹೆಣ್ಣಿಗೆ"
ಅಂದಳು ಬುಟ್ಟಿ ಹೊತ್ತ ಮಾಂಕಾಳಕ್ಕ.
ಶೇವಂತಿ ಕೆಸರು ಉಗುಳಿ ಅಂದಳು:
"ಧೈರ್ಯ ಅಲ್ಲ. ಹಲಗೆ."

ಬೂಟಿನೊಳಗೊಂದು ಸಣ್ಣ ಏಡಿ ಸೇರಿಕೊಂಡಿತ್ತು.
ಕೊಡವಿದಳು. ಅಡ್ಡಡ್ಡ ನಡೆದು ಹೋಯಿತು ಅದು.
ಅದಕ್ಕೆ ಯಾರೂ ಪಾಪ ಅನ್ನಲಿಲ್ಲ.
ಮನೆಯ ದಾರಿಯಲ್ಲಿ ನಾನು ಹಿಂದೆ ಉಳಿದೆ,
ಮುಂದೆ ಹೋಗಲು ಕಾಲು ಏಳಲಿಲ್ಲ.
"ಎಂತಕೆ ಹಿಂದೆ ಬರ್ತೆ? ಗಂಟು ಹೊರು,
ಒದ್ದೆ ಬಳಚು ಭಾರ."

ಸೋಮವಾರ ಶಾಲೆಗೆ ಅದೇ ಹನ್ನೊಂದು ಮೆಟ್ಟಿಲು.
ಮೆಟ್ಟಿಲುಗಳಿಗೆ ಇಳಿತವೆಂಬುದಿಲ್ಲ,
ಹಲಗೆ ಅಲ್ಲಿ ನಡೆಯುವುದಿಲ್ಲ.
ಬೆನ್ನು ಮೇಲಕ್ಕೆ ಮಾಡಿ ಕೂತು
ಒಂದೊಂದೇ ಏರುತ್ತಿದ್ದಳು.
ಒಳಗೆ ಮಾಸ್ತರರು ಹಾಜರಿ ಕೂಗತೊಡಗಿದ್ದರು:
ಶೇವಂತಿ ಮಾಸ್ತಪ್ಪ ಅಂಬಿಗ.
ಒಂಬತ್ತನೆಯ ಮೆಟ್ಟಿಲಿನಿಂದಲೇ,
ಅರ್ಧ ಊರಿಗೆ ಕೇಳುವ ಹಾಗೆ,
"ಹಾಜರ್ ಸಾರ್."