ಕಾಯುವವರು

ಟಮಕದ ತರಗತಿಯಲ್ಲಿ ಫ್ಯಾನು ತಿರುಗಿದರೆ ಕಾಗದ ಹಾರುತ್ತದೆ,
ನಿಂತರೆ ಬೆವರಿಗೆ ಟಿಕ್ ಗುರುತು ಕಲಸಿಹೋಗುತ್ತದೆ.
ನಿಲ್ಲಿಸಿದೆ.
ಮುನ್ನೂರ ನಲವತ್ತು ಪ್ರತಿಗೆ ಪಿನ್ನು ಹೊಡೆದು ಹೆಬ್ಬೆರಳು ಊದಿತ್ತು.
ಹೆಸರು ಬೇಡ, ಕೋಡ್ ಸಾಕು, ಎಂದೆ.
ಸರಿ ಉತ್ತರ, ತಪ್ಪು ಉತ್ತರ ಅಂತ ಏನಿಲ್ಲ, ಎಂದೆ.
ಹಿಂದಿನ ಬೆಂಚು ನಕ್ಕಿತು:
ಹಂಗಾದ್ರೆ ಪರೀಕ್ಷೆ ಯಾಕೆ ಮೇಡಂ?

ಇಪ್ಪತ್ತೆರಡು ವಾಕ್ಯ.
ಎಲ್ಲೋ ಹಿಮ ಬೀಳುವ ಊರಲ್ಲಿ ಹುಟ್ಟಿ
ಅಲ್ಲಿನ ಮಕ್ಕಳ ಮೇಲೆ ಒರೆಗೆ ಹಚ್ಚಿಸಿಕೊಂಡವು.
ಆರು ತಿಂಗಳು ಹಿಡಿಯಿತು ಅವನ್ನು ಕನ್ನಡಕ್ಕೆ ತರಲು.
ಇಂಗ್ಲಿಷ್ ವಿಭಾಗದ ಇಮ್ತಿಯಾಜ್ ಪಾಷ ಸರ್,
ಮೂಲ ನೋಡದೆ, ತಿರುಗಿ ಇಂಗ್ಲಿಷಿಗೆ ಅಟ್ಟಿದರು.
ಮೇಯಲು ಹೋದ ಹಸುವೇ ಹಟ್ಟಿಗೆ ಬಂತೇ ಎಂದು
ಕಿವಿಯ ಹಳದಿ ಬಿಲ್ಲೆ ಹಿಡಿದು ನೋಡುವ ಹಾಗೆ ನೋಡಿದೆವು.
'ಮನಸ್ಸು ನೀಲಿ' ಮೊದಲ ವಾರವೇ ಸತ್ತಿತು.
'ಹೊಟ್ಟೆಯೊಳಗೆ ಚಿಟ್ಟೆ'ಗೆ ಹುಳದ ಮಾತ್ರೆ ಕೊಡಿ ಎಂದರು ಸರ್.
ಗಟ್ಟಿಯಾಗಿ ನಿಂತದ್ದು 'ಬೇಜಾರು' ಒಂದೇ.
ಬಸ್ಸು ತಪ್ಪಿದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು,
ಎದುರು ಸಿಕ್ಕವಳು ಮಾತಾಡಿಸದಿದ್ದರೂ;
ಕ್ಷಮೆ ಕೇಳುವುದೂ ಅದರಲ್ಲೇ, ಬೇಜಾರ್ ಮಾಡ್ಕೋಬೇಡ.
ಮೂಲದ ಐದು ವಾಕ್ಯಗಳು
ಈ ಒಂದೇ ಹೊಸ್ತಿಲಾಚೆ ಚಪ್ಪಲಿ ಬಿಟ್ಟವು.

ಹನ್ನೊಂದನೆಯದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.
ನನ್ನನ್ನು ಕಾಯುವವರು ಇದ್ದಾರೆ:
ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ.
ನಾನೇ ತಂದ ವಾಕ್ಯ, ಒಂದೇ ಏಟಿಗೆ.
ಕತ್ತಲಾದ ಮೇಲೆ ಮುಳಬಾಗಿಲಿನ ಬಸ್ಸಿಳಿದರೆ
ಬೇವಿನ ಮರದಡಿ ಟಾರ್ಚು ಹಿಡಿದು ನಿಂತಿರುತ್ತಿದ್ದ ದೊಡ್ಡಮ್ಮ
ಅದರೊಳಗೆ ಇದ್ದಳು.

ಅಂಕಿಗಳು ಬಂದ ರಾತ್ರಿ
ಇಪ್ಪತ್ತೊಂದು ವಾಕ್ಯ ಪ್ರಾರ್ಥನೆಯ ಸಾಲಿನಂತೆ ನಿಂತವು.
ಹನ್ನೊಂದು ಸಾಲು ಬಿಟ್ಟಿತ್ತು.
ಹುಡುಗರಲ್ಲಿ, ಕಾಯುವವರಿದ್ದಷ್ಟೂ ಬೇಜಾರು ಕಡಿಮೆ.
ಹುಡುಗಿಯರಲ್ಲಿ, ಕಾಯುವವರಿದ್ದಷ್ಟೂ ಹೆಚ್ಚು.
ಟೈಪಿಸುವಾಗ ತಪ್ಪಾಯಿತೆಂದು
ಫಾರಂಗಳನ್ನೆಲ್ಲ ನೆಲಕ್ಕೆ ಹರಡಿ ಬೆಳಗಿನ ಜಾವದವರೆಗೆ ಎಣಿಸಿದೆ.
ತಪ್ಪಿರಲಿಲ್ಲ.

ಆರು ಜನರನ್ನು ಕರೆದೆ, ಟೀ ತರಿಸಿದೆ.
ಇದನ್ನು ಓದಿದಾಗ ಕಣ್ಣಿಗೆ ಯಾರು ಬಂದರು?
ಮಾಲೂರಿನ ಮುನಿರಾಜು: ಫ್ರೆಂಡ್ಸು ಮೇಡಂ, ಕ್ಯಾಂಟೀನಲ್ಲಿ.
ತಬಸ್ಸುಮ್: ವಾರ್ಡನ್, ಅಣ್ಣ, ಜೆರಾಕ್ಸ್ ಅಂಗಡಿಯೋರು... ಬೆರಳು ಸಾಲಲ್ಲ.
ಶ್ರೀನಿವಾಸಪುರದ ರೆಡ್ಡೆಮ್ಮ
ತೆಲುಗಿನಲ್ಲಿ ತನಗೇ ಒಮ್ಮೆ ಹೇಳಿಕೊಂಡು, ಆಮೇಲೆ ಕನ್ನಡದಲ್ಲಿ:
ಚಿಕ್ಕಪ್ಪನ ಮಗ. ಬಸ್‌ಸ್ಟ್ಯಾಂಡಲ್ಲಿ.
ನಮ್ಮ ಟೈಂಟೇಬಲ್ಲು ಅವನ ಫೋನಲ್ಲೈತೆ.

ಕಾಯುವುದು.
ಬರುವವರನ್ನು ಕಾಯುವುದು, ಬೆಳೆ ಕಾಯುವುದು,
ಕಳ್ಳನಿಗಾಗಿ ಕಾಯುವುದು, ದೇವರು ಕಾಯುವುದು,
ಒಲೆಯ ಮೇಲೆ ಹೆಂಚು ಕಾಯುವುದು.
ಇಪ್ಪತ್ತೇಳು ವರ್ಷ ಈ ಮಾತಿನೊಳಗೇ ಉಂಡು ಮಲಗಿ
ಒಂದು ಬಾಗಿಲು ಮಾತ್ರ ಕಂಡಿದ್ದೆ.
ದೊಡ್ಡಮ್ಮನ ಟಾರ್ಚು
ನನ್ನ ಕಾಲ ಮುಂದಿನ ಹಾದಿಗೆ ಬೀಳುತ್ತಿತ್ತೋ,
ಮೊದಲು ನನ್ನ ಹಿಂದೆ ಯಾರು ಇಳಿದರೆಂದು ನೋಡುತ್ತಿತ್ತೋ?
ಕೇಳೋಣವೆಂದರೆ ಅವಳಿಲ್ಲ.

ತೆಗೆದುಬಿಡಿ, ಎಂದರು ಗೈಡ್,
ಅದಿಲ್ಲದಿದ್ದರೆ ಆಲ್ಫಾ ಏರುತ್ತದೆ.
ತೆಗೆದೆ. ಏರಿತು.
ಪ್ರಬಂಧದಲ್ಲಿ ಅದಕ್ಕೆ ಅರ್ಧ ಸಾಲು:
'ಭಾಷಿಕ ಅಸ್ಪಷ್ಟತೆಯ ಕಾರಣ ಕೈಬಿಡಲಾಗಿದೆ.'
ಅಸ್ಪಷ್ಟತೆ!
ರೆಡ್ಡೆಮ್ಮನಿಗೆ ಅವನ ಬೈಕಿನ ನಂಬರೂ ಬಾಯಿಪಾಠವಿತ್ತು.

ಎರಡು ವಾರ ಬಿಟ್ಟು ಅದೇ ತರಗತಿ, ಅದೇ ಪ್ರಶ್ನೆ.
ಮನಸ್ಸು ಅಷ್ಟರಲ್ಲಿ ಬದಲಾಗಿರಬಾರದು, ಅದು ನಿಯಮ.
ಫಾರಂ ತಿರುವಿ ರೆಡ್ಡೆಮ್ಮ ಕೇಳಿದಳು,
ಮೇಡಂ, ಅದೊಂದು ಇಲ್ವಲ್ಲ?
ಮುದ್ರಣದಲ್ಲಿ ಬಿಟ್ಟುಹೋಗಿದೆ, ಎಂದೆ.
ಇಂಥ ಸುಳ್ಳಿಗೆ ನಾಲ್ಕು ಆಯ್ಕೆ ಇರುವುದಿಲ್ಲ.

ನಾಲ್ಕೂ ಹತ್ತಕ್ಕೆ ಅವಳ ಬ್ಯಾಗಿನೊಳಗೆ ಫೋನು ನಡುಗಿತು.
ಎದ್ದಳು, ಫಾರಂ ಮೇಜಿಗಿಟ್ಟಳು, ಓಡಿದಳು.
ಹದಿನೇಳರವರೆಗೆ ಟಿಕ್ಕು, ಉಳಿದವು ಖಾಲಿ.
ಅರ್ಧ ತುಂಬಿದ ಫಾರಂ ಲೆಕ್ಕಕ್ಕೆ ಬರುವುದಿಲ್ಲ.
ಬೇರೆ ಎತ್ತಿಟ್ಟಿದ್ದೇನೆ.