ಕೆಂಪು ಗುಂಡಿ

ನಾಲ್ಕಡಿ ಅಗಲದ ತಗಡಿನ ಗೂಡು.
ಒಂದು ಬೆಂಚು, ಎರಡು ಸ್ಟಾಪ್‌ವಾಚು,
ಸೈರನ್ನಿಗೆ ಒಂದೇ ಒಂದು ಕೆಂಪು ಗುಂಡಿ.
ಒತ್ತಬೇಕಾದರೆ ಇಬ್ಬರೂ ಹೂಂ ಅನ್ನಬೇಕು.
ಮಿಂಟಲ್ ಊರಿನ ಕಡೆಯಿಂದ ನಾನು, ಗ್ಲೆನಿಸ್ ನೋಸ್ಕೆ.
ಟೂರೋಲಾ ಕಡೆಯಿಂದ ಕಾಲಿನ್ ಟ್ರೆವಾಸ್ಕಿಸ್.

ಊರಿಗೂ ಊರಿಗೂ ನಡುವೆ ಒಂಬತ್ತೇ ಮೈಲಿ,
ಎರಡಕ್ಕೂ ಸೇರಿ ಒಂದೇ ಗೋಧಿ ಕಣಜ.
ಆದರೂ ಎಣ್ಣೆ ಸೀಗೆಕಾಯಿ.
ಹೆರಿಗೆ ಮನೆಯಲ್ಲೇ ಕೇಳುತ್ತಾರೆ:
ಕೂಸಿಗೆ ಯಾವ ಜೆರ್ಸಿ, ಕೆಂಪೋ, ನೀಲಿಯೋ?
ಗೂಡಿನೊಳಗೆ ಮಾತ್ರ ನಮಗೆ ಕದನವಿರಾಮ.
ಫ್ಲಾಸ್ಕಿನ ಚಹಾ ನನ್ನದು,
ಅವನ ತಂಗಿ ಮಾಡಿದ ಒಣದ್ರಾಕ್ಷಿ ಕೇಕು ಅವನದು.
ಹತ್ತೊಂಬತ್ತು ವರ್ಷದಲ್ಲಿ ನಾವು ಜಗಳವಾಡಿದ್ದು ಒಮ್ಮೆ,
ಅದೂ ಕಿಟಕಿ ಮುಚ್ಚುವ ವಿಷಯಕ್ಕೆ.

ಈ ಸಲ ಗ್ರ್ಯಾಂಡ್ ಫೈನಲ್.
ಮೈದಾನದ ಸುತ್ತ ಮೂತಿ ಒಳಗಿಟ್ಟು ನಿಂತ ಕಾರುಗಳು,
ಗೋಲು ಬಿದ್ದಾಗಲೆಲ್ಲ ಹಾರನ್ನುಗಳ ಹುಯಿಲು.
ಬೇಲಿಯಾಚೆ ಮೊಣಕಾಲೆತ್ತರದ ಹಸಿರು ಗೋಧಿ,
ಅದರಾಚೆ ಕನೋಲಾ, ಕಣ್ಣಿಗೆ ಚುಚ್ಚುವ ಹಳದಿ.
ಆ ಚೆಂಡೋ, ಮೊಟ್ಟೆಗೆ ಹುಟ್ಟಿದ್ದು,
ನೆಲ ಮುಟ್ಟಿದರೆ ಅಪ್ಪನ ಮಾತೂ ಕೇಳುವುದಿಲ್ಲ.
ಎಡಕ್ಕೆ ಅಂದರೆ ಬಲಕ್ಕೆ,
ಮುಂದಕ್ಕೆ ಅಂದರೆ ಹಿಂದಿನವನ ಮೂಗಿಗೆ.

ಕೊನೆಯ ಕ್ವಾರ್ಟರು.
ಅವರದು ಎಪ್ಪತ್ತೊಂದು, ನಮ್ಮದು ಅರವತ್ತೇಳು.
ಒಂದು ಗೋಲಿಗೆ ಆರು.
ಲೆಕ್ಕ ನಾಯಿಗೂ ಗೊತ್ತಿತ್ತು.
ಯಾರದೋ ಭುಜ ಕಳಚಿತು, ಅಂಪೈರು ಕೈಯೆತ್ತಿದ,
ಇಬ್ಬರೂ ವಾಚು ನಿಲ್ಲಿಸಿದೆವು.
ಸ್ಟ್ರೆಚರು ಬಂತು, ಹೋಯಿತು.
ಕೈ ಮತ್ತೆ ಬೀಸಿತು. ಒತ್ತಿದೆವು.

'ಗ್ಲೆನಿಸ್,' ಅಂದ ಕಾಲಿನ್, 'ನಂದು ಓಡ್ತಿಲ್ಲ.'
ತಟ್ಟಿದ, ಕಿವಿಗೆ ಹಿಡಿದ, ತೊಡೆಗೆ ಒರೆಸಿದ.
'ನಿನ್ನದರ ಮೇಲೇ ಹೋಗೋಣ.'

ಅಂದರೆ, ಆ ಮಧ್ಯಾಹ್ನದಲ್ಲಿ ಉಳಿದಿದ್ದ
ನಲವತ್ತು ಸೆಕೆಂಡು
ನನ್ನೊಬ್ಬಳ ಅಂಗೈಯಲ್ಲಿ.

ನಿಮಿಷ ಅಂದರೆ ಎವೆಯಿಕ್ಕುವಷ್ಟು ಹೊತ್ತಂತೆ.
ನಾನು ಎವೆಯಿಕ್ಕಲಿಲ್ಲ.
ಮುಳ್ಳಿಗೆ ಐದು ಸೆಕೆಂಡು ಬಾಕಿ. ಅಷ್ಟರಲ್ಲಿ
ನನ್ನ ತಂಗಿಯ ಮಗ ಜ್ಯಾರಡ್,
ಚಿಕ್ಕವನಿದ್ದಾಗ ನಮ್ಮ ಕುರಿದೊಡ್ಡಿಯ ತಗಡಿಗೆ
ಒದ್ದು ಒದ್ದು ನನ್ನ ತಲೆ ತಿಂದವನು,
ಎಲ್ಲಿಂದಲೋ ಚೆಂಡು ಕಿತ್ತುಕೊಂಡು ಓಡಿ ಬಂದ.
ಎದುರಿಗೆ ಯಾರೂ ಇಲ್ಲ.
ನಾಲ್ಕು ಬಿಳಿ ಕಂಬ, ಮಧ್ಯೆ ಆಕಾಶ.
ಮೂರು. ಎರಡು.
ಕಾಲಿನ್ ಕಿಟಕಿಯಾಚೆ ನೋಡುತ್ತಿದ್ದ,
ನನ್ನ ಕೈಯನ್ನಲ್ಲ.
ಎರಡು ಉಸಿರು ತಡ ಮಾಡಿದ್ದರೆ
ದೇವರಿಗೂ ತಿಳಿಯುತ್ತಿರಲಿಲ್ಲ,
ಅವನೂ ಬಹುಶಃ ಆಟ ನೋಡುತ್ತಿದ್ದ.

ಒತ್ತಿದೆ.

ಸೈರನ್ ಕೂಗಿದಾಗ
ಚೆಂಡು ಕೈಬಿಟ್ಟಿತ್ತು, ಕಾಲು ಮುಟ್ಟಿರಲಿಲ್ಲ.
ಆಮೇಲೆ ಒದ್ದ. ನೆಟ್ಟಗೆ ನಡುವೆಯೇ ಹೋಯಿತು.
ಗೋಲು ಅಂಪೈರು ಬಾವುಟ ಮುಟ್ಟಲಿಲ್ಲ.
ಜ್ಯಾರಡ್ ಹುಲ್ಲಿನ ಮೇಲೆ ಕೂತ,
ಬಸ್ಸು ತಪ್ಪಿದವನ ಹಾಗೆ.

ನೀಲಿಯವರೆಲ್ಲ ಮೈದಾನಕ್ಕೆ ನುಗ್ಗಿದರು.
ನಾನು ಹಾಳೆಯಲ್ಲಿ ಸಮಯ ಬರೆದು
ಸಹಿ ಹಾಕಿ ಕಾಲಿನ್ ಕಡೆ ತಳ್ಳಿದೆ.
ಅವನು ಪೆನ್ನು ತೆಗೆದುಕೊಳ್ಳಲು ಬಾಗಿದಾಗ ಕೇಳಿಸಿತು
ಮೇಜಿನ ಮೇಲೆ ಅವನ ವಾಚು:
ಟಿಕ್ ಟಿಕ್ ಟಿಕ್.

ಸೈರನ್ನಿನ ನಡುಕಕ್ಕೆ ಎಚ್ಚೆತ್ತಿತೋ,
ನಿದ್ದೆಯನ್ನೇ ಮಾಡಿರಲಿಲ್ಲವೋ.
ಅವನು ಅದರ ಮೇಲೆ ಅಂಗೈ ಇಟ್ಟ,
ಕಣ್ಣು ಮುಚ್ಚಿಸುವ ಹಾಗೆ.
ಸಹಿ ಹಾಕಿದ. ಚಹಾ ಬಸಿದು ಕೊಟ್ಟ,
ನನ್ನ ಫ್ಲಾಸ್ಕಿನಿಂದ ನನಗೇ.

ಮನೆಗೆ ಹೋಗುವಾಗ ತಂಗಿ ಕಾರಿನಲ್ಲಿ ಕೇಳಿದಳು:
'ಇನ್ನೂ ಸ್ವಲ್ಪ ಇತ್ತಲ್ವಾ, ಅಕ್ಕ?'
ಇರಲಿಲ್ಲ ಅಂದೆ.
ಕಣಜ ದಾಟುವವರೆಗೆ
ಅವಳು ವೈಪರ್ ಹಾಕಿಕೊಂಡೇ ಓಡಿಸಿದಳು,
ಗಾಜಿನ ಮೇಲೆ ಒಂದು ಹನಿಯೂ ಇರಲಿಲ್ಲ.