ಮುಖ ಮಾತ್ರ ಮಬ್ಬು

ಮೂರನೇ ಮಹಡಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ
ಕಿಟಕಿಯಿಲ್ಲದ ಒಂದು ರೂಮು.
ಬೆಂದ ಬೆಡ್‌ಶೀಟಿನ ವಾಸನೆಯಲ್ಲಿ ಕೂತು
ನಾನು ಆಸ್ಪತ್ರೆಯ ಪೇಜು ನೋಡಿಕೊಳ್ಳುತ್ತೇನೆ.
ನರ್ಸುಗಳ ದಿನ, ಕಿಡ್ನಿ ದಿನ, ಯುಗಾದಿಗೆ ಬೇವು ಬೆಲ್ಲ,
ಮಧ್ಯೆ ಮಧ್ಯೆ ಗುಣವಾದವರ ಕಥೆ.
ಅದಕ್ಕೇ ಲೈಕು ಜಾಸ್ತಿ.

ಹೆಸರು ಹೇಳುವುದಿಲ್ಲ. ಅವಳು ಅನ್ನುತ್ತೇನೆ.
ಏರಿಯಾ ಕಾಮಾಕ್ಷಿಪಾಳ್ಯ ಅಂತಿಟ್ಟುಕೊಳ್ಳಿ,
ಕಾಯಿಲೆ, ಜನ ಬಾಯಿಗೆ ಕೈ ಅಡ್ಡ ಹಿಡಿದು ಹೇಳುವಂಥದ್ದು.
ಆರು ತಿಂಗಳು ಒಂದು ದಿನ ತಪ್ಪಿಸದೆ ಮಾತ್ರೆ ನುಂಗಿ
ಕೊನೆಯ ದಿನ ಒಂದು ಕಟ್ಟು ಸಬ್ಬಸಿಗೆ ತಂದಿದ್ದಳು
ಸಿಸ್ಟರ್ ಲೂರ್ದಮ್ಮನಿಗೆ.
ಪ್ರಣೀತ್ ಸರ್ ಓಡಿ ಬಂದರು,
"ಸೊಪ್ಪು ಕೊಡೋದು ಇನ್ನೊಂದ್ಸಲ ಮಾಡಿಸು, ಕ್ಯಾಮೆರಾ ತಾ."

ಸಹಿ? ಇತ್ತಲ್ಲ.
ಸೇರಿದ ದಿನ ಹಾಕಿಸಿಕೊಂಡ ಹದಿನಾಲ್ಕರಲ್ಲಿ
ಒಂಬತ್ತನೇ ಹಾಳೆ. ಇಂಗ್ಲಿಷಿನದು.
ಕೆಮ್ಮುತ್ತ ಹಾಕಿದ್ದು, ಗೆರೆ ದಾಟಿ
ಪಕ್ಕದ ಖಾನೆಗೆ ಬಿದ್ದಿದೆ.

ನಾನೇನು ಬೇಜವಾಬ್ದಾರಿಯವನಲ್ಲ.
ಬೊಟ್ಟಿನಿಂದ ಗಲ್ಲದವರೆಗೆ ಮಬ್ಬು ಬಳಿದೆ,
ಅವಳು ತಲೆಯಾಡಿಸಿದರೆ ಮಬ್ಬೂ ಆಡುವ ಹಾಗೆ,
ಊಟ ಬಿಟ್ಟು, ಒಂದೊಂದೇ ಚೌಕಟ್ಟು ತಿದ್ದಿ.
ಫೈಲಿನ ನಂಬರು ಅಳಿಸಿದೆ.
ಕಾಯಿಲೆಯ ಹೆಸರು ದಪ್ಪಕ್ಷರದಲ್ಲಿ ಹಾಕಿದೆ, ಜಾಗೃತಿಗೆ.
ಹಿಂದೆ ಕೊಳಲು. ಕೊಳಲ ಮೇಲೆ ಅವಳ ಮಾತು:
"ಸತ್ತೇ ಹೋಗ್ತೀನಿ ಅಂದ್ಕಂಡಿದ್ದೆ ಕಣಪ್ಪ,
ಇವ್ರೆಲ್ಲ ಸೇರ್ಕಂಡು ನನ್ನ ಮತ್ತೆ ಗಾಡಿ ಹಿಂದೆ ನಿಲ್ಲಿಸಿದ್ರು."

ಹನ್ನೊಂದು ಸಾವಿರ ಕೆಂಪು ಹೃದಯ.

ಆ ಗಂಟಲು ಇಪ್ಪತ್ತೆರಡು ವರ್ಷ
ಬೆಳಿಗ್ಗೆ ಆರೂಕಾಲಿಗೆ ಎಂಟು ಕ್ರಾಸುಗಳನ್ನು
ಎಬ್ಬಿಸಿದ ಗಂಟಲೆಂದು ನನಗೆ ಗೊತ್ತಿರಲಿಲ್ಲ.
ಅವಳು ಕೂಗುತ್ತಿದ್ದದ್ದು ಹೀಗೆ:



ಮೇಲಿನ ಮಹಡಿಯಿಂದ ಬುಟ್ಟಿ ಇಳಿಸುವವರು
ಅವಳ ಮುಖ ಸರಿಯಾಗಿ ನೋಡಿದ್ದೇ ಇಲ್ಲವಂತೆ.
ನೆತ್ತಿ ನೋಡಿದ್ದಾರೆ, ಗಾಡಿಯ ನೀಲಿ ಟಾರ್ಪಾಲು ನೋಡಿದ್ದಾರೆ.
ಅವರಿಗೆ ಅವಳೆಂದರೆ ಆ ಕೂಗು.

ಯಾರೋ ಬೀದಿಯ ಗ್ರೂಪಿಗೆ ಹಾಕಿದರು. ಕೆಳಗೆ
ಕೈಮುಗಿದ ಗೊಂಬೆ ಒಂದು, ಮಾಸ್ಕು ಹಾಕಿದ ಗೊಂಬೆ ಆರು.
ಮಾರನೇ ದಿನ ಬುಟ್ಟಿಗಳು ಇಳಿಯಲಿಲ್ಲ.
"ಮನೇಲಿದೆ ಕಣೇ" ಅಂದರಂತೆ ಒಬ್ಬ ಅಜ್ಜಿ,
ಒಳಗಿನಿಂದ, ಚಿಲಕ ತೆಗೆಯದೆ.
ಸಂಜೆ ಕಟ್ಟೆಲ್ಲ ದನಕ್ಕೆ.

ಅವಳು ಬಂದಳು,
"ವೀಡಿಯೋ ರೂಮು ಯಾವ್ದಪ್ಪ" ಅಂತ ಕೇಳಿಕೊಂಡು.
ಬೈಯಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ನಿಂತಳು.
"ಅದನ್ನ ತೆಗೀತೀಯಾ ಮಗಾ?"
ತೆಗೆದೆ. ಅವಳೆದುರಿಗೇ, ಒಂದೇ ಬೆರಳಿನಲ್ಲಿ.
"ಎಲ್ಲಾರ ಫೋನಿಂದಾನೂ ಹೋಯ್ತಾ?"
ಪಕ್ಕದ ಕೋಣೆಯಲ್ಲಿ ಯಂತ್ರ ಗರಗರ ತಿರುಗುತ್ತಿತ್ತು.
ಅವಳು ಸ್ವಲ್ಪ ಹೊತ್ತು ಕಾದಳು,
ಉತ್ತರಕ್ಕೋ, ಲಿಫ್ಟಿಗೋ.

"ಪರ್ಮಿಷನ್ ಇತ್ತಲ್ವಾ" ಅಂದರು ಪ್ರಣೀತ್ ಸರ್. ಇತ್ತು.
ಲೂರ್ದಮ್ಮ ಕ್ಯಾಂಟೀನಿನಲ್ಲಿ ಬೇರೆ ಟೇಬಲ್ಲಿಗೆ ಹೋದರು.
ಒಂಬತ್ತನೇ ಹಾಳೆ ಈಗ ಕನ್ನಡದಲ್ಲಿದೆ, ನಾನೇ ಬರೆದದ್ದು.
ಸೇರುವಾಗ ಕೊಡುವುದಿಲ್ಲ; ಹುಷಾರಾದ ಮೇಲೆ,
ಕೂರಿಸಿ, ಓದಿ ಹೇಳಿ, ಮನೆಗೆ ಕಳಿಸಿ,
ನಾಲ್ಕು ದಿನ ಬಿಟ್ಟು ಕೇಳುತ್ತೇವೆ.
"ಬೇಡ" ಅನ್ನಲು ದೊಡ್ಡದೊಂದು ಖಾನೆ.
ಬಹಳ ಜನ ಅದಕ್ಕೇ ಟಿಕ್ ಹಾಕುತ್ತಾರೆ.
ಪೇಜಿನ ತುಂಬ ಈಗ ಕೈ ತೊಳೆಯುವುದು ಹೇಗೆ ಎಂಬುದೇ.

ಇದನ್ನು ಓದಿ ಕಾಮಾಕ್ಷಿಪಾಳ್ಯಕ್ಕೆ ಹೋಗಿ
ಕಿವಿಗೊಟ್ಟು ನಿಲ್ಲಬೇಡಿ. ಏರಿಯಾ ಬದಲಿಸಿದ್ದೇನೆ,
ಕ್ರಾಸುಗಳ ಲೆಕ್ಕ ಬದಲಿಸಿದ್ದೇನೆ, ಟಾರ್ಪಾಲಿನ ಬಣ್ಣ ಕೂಡ.
ಗಾಡಿಯಲ್ಲಿ ಸೊಪ್ಪೇ ಇತ್ತೆಂದು ಹೇಗೆ ನಂಬಿದಿರಿ?
ಹೂವಿರಬಹುದು, ಹಳೇ ಪೇಪರಿರಬಹುದು.
ಕೂಗನ್ನೂ ಬದಲಿಸಲು ಕೂತೆ, ನಾಲ್ಕು ರಾತ್ರಿ. ಬರಲಿಲ್ಲ.
ಮೇಲೆ, ಬುಟ್ಟಿ ಇಳಿಯುವ ಸಾಲಿಗೆ ಮುಂಚೆ
ಒಂದಿಷ್ಟು ಜಾಗ ಖಾಲಿ ಇದೆ ನೋಡಿ,
ಅದು ಅಚ್ಚಿನ ತಪ್ಪಲ್ಲ.